ಗೊಂಬೆಮನೆಯ ಪುಟಾಣಿ ಫರ್ನಿಚರ್: ಯಾವುದಕ್ಕೆ ಯಾವ ಬಣ್ಣ, ಯಾವ ಪಾಲಿಶ್?

ಗೊಂಬೆಮನೆಯ ಕುರ್ಚಿ, ಮೇಜು, ಬೀರುಗಳಿಗೆ ಹೊಸದಾಗಿ ಬಣ್ಣ ಕೊಡಬೇಕು ಅಂತ ಕೂತವರನ್ನು ಮೊದಲು ಕಾಡುವುದು ಆಯ್ಕೆಗಳೇ. ಅಕ್ರಿಲಿಕ್ಕೋ ಎನಾಮೆಲ್ಲೋ? ಬ್ರಷ್ಷೋ ಸ್ಪ್ರೇಯೋ? ಹಳೆಯ ಪಾಲಿಶ್ ತೆಗೆಯಬೇಕೋ, ಅದರ ಮೇಲೆಯೇ ಹಚ್ಚಬಹುದೋ? ದೊಡ್ಡ ಫರ್ನಿಚರ್ ಬಗ್ಗೆ ಸಿಗುವ ಸಲಹೆಗಳನ್ನು ಹಾಗೇ ಇಲ್ಲಿಗೆ ತಂದರೆ ಅರ್ಧಕ್ಕರ್ಧ ಕೈಕೊಡುತ್ತವೆ. ಅಲ್ಲಿ ಮುಖ್ಯವಾದದ್ದು ಬಾಳಿಕೆ. ಇಲ್ಲಿ ಮುಖ್ಯವಾದದ್ದು ಪದರದ ದಪ್ಪ.

ಲೆಕ್ಕ ಸುಲಭ. ಹೆಚ್ಚಿನ ಗೊಂಬೆಮನೆಗಳು 1:12 ಅಳತೆಯವು, ಅಂದರೆ ನಿಜದ ಒಂದು ಅಡಿ ಇಲ್ಲಿ ಒಂದು ಇಂಚು. ಬ್ರಷ್‌ನಲ್ಲಿ ಎರಡು ಮೂರು ಕೋಟು ಹಚ್ಚಿದರೆ ಬಣ್ಣದ ಪದರ 0.1 ಮಿಲಿಮೀಟರ್ ಆಗುವುದು ದೊಡ್ಡ ವಿಷಯವೇನಲ್ಲ. ಅದನ್ನು 12ರಿಂದ ಗುಣಿಸಿ. ನಿಮ್ಮ ಮನೆಯ ಕುರ್ಚಿಯ ಮೇಲೆ 1.2 ಮಿಲಿಮೀಟರ್ ದಪ್ಪ ಬಣ್ಣ ಕೂತಂತಾಯಿತು. 1:24 ಅಳತೆಯಲ್ಲಾದರೆ 2.4 ಮಿಲಿಮೀಟರ್! ಪುಟ್ಟ ಕುರ್ಚಿಯ ಬೆನ್ನಿನ ಕಡ್ಡಿ ಒಂದೂವರೆ ಮಿಲಿಮೀಟರ್ ದಪ್ಪ ಇದ್ದರೆ, ಬಣ್ಣ ಆದ ಮೇಲೆ ಅದು 1.7 ಆಗಿರುತ್ತದೆ. ಕೆತ್ತನೆಯ ಅಂಚು ಮೊಂಡಾಗುತ್ತದೆ, ಸಂದುಗಳು ಮುಚ್ಚಿಹೋಗುತ್ತವೆ. ಫೋಟೋದಲ್ಲಿ ನೋಡಿದ ತಕ್ಷಣ "ಇದು ಆಟಿಕೆ" ಅಂತ ಗೊತ್ತಾಗುವುದು ಇದರಿಂದಲೇ. ಹಾಗಾಗಿ ಮುಂದಿನ ಹೋಲಿಕೆಗಳನ್ನೆಲ್ಲ ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ಮಾಡಿದ್ದೇನೆ: ಇದು ಎಷ್ಟು ತೆಳ್ಳಗೆ ಕೂರುತ್ತದೆ?

ಕೀಳುವುದೋ, ಮೇಲೆ ಹಚ್ಚುವುದೋ, ಹಾಗೇ ಬಿಡುವುದೋ

ಬಣ್ಣದ ಡಬ್ಬಿ ತೆರೆಯುವ ಮೊದಲು ಈ ತೀರ್ಮಾನ ಆಗಬೇಕು.

ಮುಟ್ಟದೇ ಬಿಡಬೇಕಾದವುಗಳಿಂದ ಶುರು ಮಾಡೋಣ. ನಿಮ್ಮ ಕೈಗೆ ಬಂದಿರುವುದು ನಿಜವಾಗಿಯೂ ಹಳೆಯದಾಗಿದ್ದರೆ, ಅಡಿಯಲ್ಲಿ ಮುದ್ರೆಯೋ ಚೀಟಿಯೋ ಇದ್ದರೆ, ಸ್ವಲ್ಪ ತಡೆಯಿರಿ. 1920ರ ದಶಕದಲ್ಲಿ ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ತಯಾರಾಗುತ್ತಿದ್ದ ಟೈನಿಟಾಯ್ ಸಾಮಾನುಗಳು, ಸ್ವೀಡನ್ನಿನ ಲುಂಡ್ಬಿ ಕಂಪನಿಯ ಮೊದಮೊದಲ ಸೆಟ್‌ಗಳು, ಇಂಥವುಗಳ ಬೆಲೆ ಇರುವುದೇ ಮೂಲ ಬಣ್ಣದಲ್ಲಿ. ಸವೆದಿದ್ದರೂ ಸರಿ, ಅಲ್ಲಲ್ಲಿ ಎದ್ದಿದ್ದರೂ ಸರಿ. ಹೊಸ ಬಣ್ಣ ಹಚ್ಚಿದರೆ ಸಂಗ್ರಹಕಾರರ ಕಣ್ಣಲ್ಲಿ ಅದರ ಬೆಲೆ ಇಳಿಯುತ್ತದೆ, ಮತ್ತೆ ಹಿಂದಕ್ಕೆ ಹೋಗುವ ದಾರಿಯೂ ಇರುವುದಿಲ್ಲ. ಸ್ವಲ್ಪ ಒದ್ದೆ ಮಾಡಿದ ಹತ್ತಿ ಕಡ್ಡಿಯಲ್ಲಿ ಧೂಳು ಒರೆಸಿದರೆ ಸಾಕು.

ಹಳೆಯದನ್ನು ಉಜ್ಜಬಾರದು ಅನ್ನೋಕೆ ಇನ್ನೊಂದು ಕಾರಣ ಸೀಸ. ಅಮೆರಿಕ ಮನೆಬಳಕೆಯ ಬಣ್ಣದಲ್ಲಿ, ಆಟಿಕೆಗಳ ಬಣ್ಣದಲ್ಲಿ ಸೀಸಕ್ಕೆ ಕಡಿವಾಣ ಹಾಕಿದ್ದೇ 1978ರಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ ಸ್ಥಿತಿಯಲ್ಲಿ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದರೆ ಆ ಪುಡಿ ಸೀದಾ ಶ್ವಾಸಕೋಶಕ್ಕೆ ಹೋಗುತ್ತದೆ. ವಯಸ್ಸು ಗೊತ್ತಿಲ್ಲದ ಸಾಮಾನಿಗೆ ಒಣ ಉಜ್ಜುವಿಕೆ ಬೇಡವೇ ಬೇಡ.

ಇನ್ನು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವ ಅಗ್ಗದ ಮರದ ಸೆಟ್‌ಗಳು. ನಮ್ಮ ಹವ್ಯಾಸಕ್ಕೆ ಹೇಳಿ ಮಾಡಿಸಿದ ಸಾಮಾನು ಇವು. ಆಕಾರ ಚೆನ್ನಾಗಿರುತ್ತದೆ, ಪಾಲಿಶ್ ಮಾತ್ರ ಕೆಂಪು ಕೆಂಪಾಗಿ, ಮಿರಮಿರ ಅಂತ, ದಪ್ಪಗೆ ಕೂತಿರುತ್ತದೆ. ಇಲ್ಲಿ ಕೀಳುವುದೋ ಮೇಲೆ ಹಚ್ಚುವುದೋ ಅನ್ನುವುದನ್ನು ಕೆತ್ತನೆ ನೋಡಿ ತೀರ್ಮಾನಿಸಿ. ಕಾಲಿನ ತಿರುವುಗಳು, ಬಾಗಿಲ ಚೌಕಟ್ಟಿನ ಒಳ ಅಂಚು ಇನ್ನೂ ಚೂಪಾಗಿ ಕಾಣುತ್ತಿದ್ದರೆ ಕೀಳುವ ಗೋಜು ಬೇಡ. 400 ನಂಬರಿನ ಸ್ಯಾಂಡ್‌ಪೇಪರಿನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಒರೆಸಿ, ಅದರ ಮೇಲೆಯೇ ಬಣ್ಣ ಹಚ್ಚಿ. ಅಂಚುಗಳು ಈಗಾಗಲೇ ಮುಚ್ಚಿಹೋಗಿದ್ದರೆ ಕೀಳಲೇಬೇಕು. ಇನ್ನೊಂದು ಪದರ ಹಾಕಿದರೆ ಆ ಸಾಮಾನು ಪೂರ್ತಿ ಕೆಟ್ಟಿತು ಅಂತಲೇ ಲೆಕ್ಕ.

ಕೀಳಲು ಯಾವ ದ್ರಾವಣ? ಕಾಣದ ಜಾಗದಲ್ಲಿ, ಸೀಟಿನ ಅಡಿಯಲ್ಲೋ ಬೀರುವಿನ ಬೆನ್ನಲ್ಲೋ, ಪರೀಕ್ಷೆ ಮಾಡಿ. ಮೊದಲು ಸ್ಪಿರಿಟ್, ಅಂದರೆ ಆಲ್ಕೋಹಾಲ್. ಹತ್ತಿ ಕಡ್ಡಿಗೆ ಬಣ್ಣ ಬಂದು ಮೈ ಅಂಟಂಟಾದರೆ ಅದು ಶೆಲ್ಯಾಕ್, ಅಂದರೆ ಅರಗಿನ ಪಾಲಿಶ್. ಸ್ಪಿರಿಟ್ ಒಂದರಲ್ಲೇ ಕೆಲಸ ಮುಗಿಯುತ್ತದೆ. ಅದಕ್ಕೆ ಬಗ್ಗದಿದ್ದರೆ ಲ್ಯಾಕರ್ ಥಿನ್ನರ್ ಹಾಕಿ ನೋಡಿ. ಅದರಲ್ಲಿ ಕರಗಿದರೆ ಲ್ಯಾಕರ್, ಅಂದರೆ ಥಿನ್ನರ್ ಬೆರೆಸಿ ಹಚ್ಚುವ, ಬೇಗ ಒಣಗುವ ಪಾಲಿಶ್. ಎರಡಕ್ಕೂ ಜಗ್ಗದಿದ್ದರೆ ಅದು ಪಾಲಿಯುರಿಥೇನ್ ಥರದ ಗಟ್ಟಿ ಪದರ. ಆಗ ಬಣ್ಣ ಕೀಳುವ ರಾಸಾಯನಿಕದ ಮೊರೆಹೋಗುವ ಬದಲು ನಿಧಾನವಾಗಿ ಉಜ್ಜುವುದೇ ವಾಸಿ ಅನ್ನುತ್ತೇನೆ. ಆ ರಾಸಾಯನಿಕಗಳು ಅಂಟನ್ನೂ ಸಡಿಲ ಮಾಡುತ್ತವೆ, ಬೆರಳು ಹೋಗದ ಸಂದಿನಲ್ಲಿ ಉಳಿದು ಮುಂದಿನ ಬಣ್ಣವನ್ನೂ ಕೆಡಿಸುತ್ತವೆ. ಮಿಥಿಲೀನ್ ಕ್ಲೋರೈಡ್ ಇರುವಂಥವಂತೂ ಪ್ರಾಣಕ್ಕೇ ಅಪಾಯ. ಅಮೆರಿಕದಲ್ಲಿ 2019ರಿಂದ ಸಾಮಾನ್ಯ ಗ್ರಾಹಕರಿಗೆ ಅವುಗಳ ಮಾರಾಟವೇ ನಿಂತಿದೆ.

ಒಂದು ಎಚ್ಚರಿಕೆ. ಇದೆಲ್ಲ ಮರಕ್ಕೆ ಮಾತ್ರ. ಪ್ಲಾಸ್ಟಿಕ್ ಕುರ್ಚಿಗೆ ಥಿನ್ನರ್ ಅಥವಾ ಅಸಿಟೋನ್ ತಾಗಿದರೆ ಕುರ್ಚಿಯೇ ಕರಗುತ್ತದೆ. ಸೋಪಿನ ನೀರಲ್ಲಿ ಹಳೆ ಟೂತ್‌ಬ್ರಷ್‌ನಿಂದ ತೊಳೆದು, ಪ್ಲಾಸ್ಟಿಕ್‌ಗೆಂದೇ ಇರುವ ಪ್ರೈಮರ್ (ಬಣ್ಣ ಹಿಡಿಯಲೆಂದು ಅಡಿಗೆ ಹಚ್ಚುವ ಪದರ) ಹಾಕಿ ಮುಂದುವರಿಯಿರಿ.

ಅಕ್ರಿಲಿಕ್, ಎನಾಮೆಲ್, ಸ್ಪ್ರೇ

ಮೂರರಲ್ಲಿ ಒಂದನ್ನೇ ಇಟ್ಟುಕೋ ಅಂದರೆ ನಾನು ಅಕ್ರಿಲಿಕ್ ಇಟ್ಟುಕೊಳ್ಳುತ್ತೇನೆ. ನೀರಲ್ಲಿ ತೆಳು ಮಾಡಬಹುದು, ಬೇಗ ಒಣಗುತ್ತದೆ, ವಾಸನೆ ಕಡಿಮೆ, ಬ್ರಷ್ ತೊಳೆಯೋಕೆ ನೀರು ಸಾಕು. ಆದರೆ ಅಕ್ರಿಲಿಕ್ ಅಂದರೆ ಎಲ್ಲವೂ ಒಂದೇ ಅಲ್ಲ. ಕಲಾವಿದರು ಬಳಸುವ ಟ್ಯೂಬಿನ ಬಣ್ಣ ಬ್ರಷ್ ಗೆರೆ ಉಳಿಯಲಿ ಅಂತಲೇ ಮಂದವಾಗಿ ಮಾಡಿದ್ದು. ನಮಗೆ ಅದು ತದ್ವಿರುದ್ಧ. ಕರಕುಶಲ ಅಂಗಡಿಯ ಸಣ್ಣ ಬಾಟಲಿಯ ಬಣ್ಣ ಪರವಾಗಿಲ್ಲ, ಸ್ವಲ್ಪ ನೀರು ಬೆರೆಸಿದರೆ ಚೆನ್ನಾಗಿ ಹರಿಯುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಯುದ್ಧದ ಗೊಂಬೆ, ವಿಮಾನದ ಮಾದರಿಗಳಿಗೆ ಹಚ್ಚುವ ಮಾಡೆಲ್ ಬಣ್ಣ. ವಲೇಹೋ, ಸಿಟಾಡೆಲ್ ಥರದವು. ಇವುಗಳಲ್ಲಿ ಬಣ್ಣದ ಪುಡಿಯನ್ನು ತುಂಬಾ ನುಣ್ಣಗೆ ಅರೆದಿರುವುದರಿಂದ ತೆಳ್ಳಗೆ ಹಚ್ಚಿದರೂ ಮೈ ಮುಚ್ಚುತ್ತದೆ. ನಮಗೆ ಬೇಕಾಗಿದ್ದೂ ಅದೇ ಅಲ್ವಾ?

ಅಕ್ರಿಲಿಕ್ಕಿನ ದೋಷ ಎರಡು. ಮೊದಲನೆಯದು ನೀರು. ಬರಿ ಮರಕ್ಕೆ ನೀರು ತಾಗಿದರೆ ಎಳೆಗಳು ಎದ್ದು ನಿಂತು ಮೈ ತರಿತರಿ ಆಗುತ್ತದೆ. ಬಾಲ್ಸಾ ಮರವಾದರಂತೂ ಹೇಳುವುದೇ ಬೇಡ. ಇದಕ್ಕೆ ಪರಿಹಾರ ಇದೆ. ಬಣ್ಣಕ್ಕೆ ಮೊದಲು ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಒಣಗಲು ಬಿಟ್ಟು, ಎದ್ದ ಎಳೆಗಳನ್ನು 400 ನಂಬರಿನಲ್ಲಿ ಮೆಲ್ಲಗೆ ಉಜ್ಜಿಬಿಡಿ. ಆಮೇಲೆ ತೆಳು ಶೆಲ್ಯಾಕ್ ಒಂದು ಕೋಟು ಕೊಟ್ಟರೆ ಮತ್ತೆ ಏಳುವುದಿಲ್ಲ.

ಎರಡನೆಯ ದೋಷ ಡ್ರಾಯರ್ ಇರುವ ಸಾಮಾನಿನಲ್ಲಿ ಗೊತ್ತಾಗುತ್ತದೆ. ಅಕ್ರಿಲಿಕ್ ಒಣಗಿದ ಮೇಲೂ ರಬ್ಬರಿನ ಹಾಗೆ ಸ್ವಲ್ಪ ಮೆತ್ತಗಿರುತ್ತದೆ. ಬಣ್ಣ ಹಚ್ಚಿದ ಎರಡು ಮೈ ಒತ್ತಿಕೊಂಡು ಕೂತರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ನಾಲ್ಕು ಡ್ರಾಯರಿನ ಪುಟ್ಟ ಬೀರು ಒಂದನ್ನು ಎದುರಿಗಿಟ್ಟು ನೋಡಿ. ಡ್ರಾಯರಿನ ಎಡಬಲ ಸೇರಿ ಅರ್ಧ ಮಿಲಿಮೀಟರ್ ಸಂದು ಇದೆ ಅಂದುಕೊಳ್ಳಿ. ಡ್ರಾಯರಿನ ಎರಡು ಬದಿ, ಗೂಡಿನ ಎರಡು ಬದಿ, ಒಟ್ಟು ನಾಲ್ಕು ಮೈಗೆ 0.1 ಮಿಲಿಮೀಟರಿನಂತೆ ಬಣ್ಣ ಕೂತರೆ ಸಂದಿನಲ್ಲಿ 0.4 ಹೋಯಿತು. ಉಳಿದಿದ್ದು 0.1. ಹವೆಯಲ್ಲಿ ಸ್ವಲ್ಪ ತೇವ ಜಾಸ್ತಿಯಾಗಿ ಮರ ಉಬ್ಬಿದರೆ ಅದೂ ಇಲ್ಲ. ಡ್ರಾಯರ್ ಕೂತಲ್ಲೇ ಕೂರುತ್ತದೆ, ಎಳೆದರೆ ಹಿಡಿ ಕಿತ್ತು ಕೈಗೆ ಬರುತ್ತದೆ. ಹಾಗಾಗಿ ಡ್ರಾಯರಿನ ಮುಖಕ್ಕೆ, ಮುಖದ ಅಂಚಿಗೆ ಮಾತ್ರ ಬಣ್ಣ. ಬದಿಗಳಿಗೆ, ಗೂಡಿನ ಒಳಮೈಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಬರಿ ಮರ ಉಳಿಸಿ. ಆ ಜಾಗಕ್ಕೆ ಮೇಣದ ತುಂಡೊಂದನ್ನು ಸವರಿದರೆ ಡ್ರಾಯರ್ ಸರಾಗ ಜಾರುತ್ತದೆ. ಮೇಣ ಸವರುವುದು ಬಣ್ಣದ ಕೆಲಸವೆಲ್ಲ ಮುಗಿದ ಮೇಲೆ. ಮೇಣ ಇರುವ ಕಡೆ ಬಣ್ಣ ನಿಲ್ಲುವುದಿಲ್ಲ.

ಎನಾಮೆಲ್ ಇಲ್ಲಿ ಗೆಲ್ಲುತ್ತದೆ. ಹಂಬ್ರೋಲ್, ಟೆಸ್ಟರ್ಸ್ ಕಂಪನಿಗಳ ಪುಟ್ಟ ಡಬ್ಬಿಗಳಲ್ಲಿ ಬರುವ ಎಣ್ಣೆ ಆಧಾರದ ಬಣ್ಣ ನಿಧಾನವಾಗಿ ಒಣಗುವುದರಿಂದ ಬ್ರಷ್ ಗೆರೆಗಳು ತಾವಾಗಿಯೇ ಸಮನಾಗುತ್ತವೆ. ಗಟ್ಟಿಯಾದ ಮೇಲೆ ಕಚ್ಚಿಕೊಳ್ಳುವುದಿಲ್ಲ. ಲೋಹದ ಮಂಚ, ಒಲೆ, ಸ್ನಾನದ ತೊಟ್ಟಿಯಂಥವುಗಳಿಗೆ ನಾನು ಎನಾಮೆಲ್ ಬಿಟ್ಟು ಬೇರೆ ಯೋಚಿಸುವುದೇ ಇಲ್ಲ. ಬೆಲೆ ಕೊಡುವುದು ಸಮಯದಲ್ಲಿ. ಒಂದೊಂದು ಕೋಟು ಹಚ್ಚಿದ ಮೇಲೂ ಒಂದಿಡೀ ದಿನ ಕಾಯಬೇಕು, ಅಷ್ಟು ಹೊತ್ತು ಧೂಳು ಕೂರದ ಹಾಗೆ ಸಾಮಾನಿನ ಮೇಲೆ ಡಬ್ಬಿ ಮಗುಚಿಡಬೇಕು. ಬ್ರಷ್ ತೊಳೆಯಲು ಟರ್ಪೆಂಟೈನ್ ಬೇಕು, ಕಿಟಕಿ ತೆರೆದಿರಬೇಕು. ಬಿಳಿ ಎನಾಮೆಲ್ ವರ್ಷಗಳು ಕಳೆದಂತೆ ಹಳದಿಗೆ ತಿರುಗುತ್ತದೆ. ಅಪ್ಪಟ ಬಿಳಿಯೇ ಬೇಕು ಅನ್ನುವವರು ಅಕ್ರಿಲಿಕ್ಕಿಗೇ ಹೋಗಲಿ.

ಸ್ಪ್ರೇ ಡಬ್ಬಿ ಒಂದೇ ಒಂದು ಕೆಲಸದಲ್ಲಿ ಇವೆರಡನ್ನೂ ಮೀರಿಸುತ್ತದೆ. ಕಡ್ಡಿಗಳ ಬೆನ್ನಿರುವ ಕುರ್ಚಿ, ಬೆತ್ತದ ಹೆಣಿಗೆಯ ಸೋಫಾ, ತೊಟ್ಟಿಲು, ಇಂಥ ತೂತು ತೂತಿನ ಸಾಮಾನುಗಳಿಗೆ ಬ್ರಷ್ ಹಾಕಿದರೆ ಪ್ರತಿ ಕೂಡಿನಲ್ಲೂ ಬಣ್ಣ ಹನಿಗಟ್ಟುತ್ತದೆ. ಸ್ಪ್ರೇ ಅಲ್ಲಿ ತೆಳ್ಳಗೆ, ಒಂದೇ ಸಮ ಕೂರುತ್ತದೆ. 20ರಿಂದ 30 ಸೆಂಟಿಮೀಟರ್ ದೂರ ಹಿಡಿದು, ಸಾಮಾನಿನ ಆಚೆಯಿಂದಲೇ ಒತ್ತಲು ಶುರು ಮಾಡಿ, ದಾಟಿಸಿ, ಈಚೆ ಬಂದ ಮೇಲೆ ಬೆರಳು ತೆಗೆಯಬೇಕು. ಒಂದೇ ಸಲಕ್ಕೆ ಮೈ ಮುಚ್ಚಲು ಹೋಗಬೇಡಿ. ಮಂಜು ಕೂತಷ್ಟು ಕೋಟುಗಳನ್ನೇ ಮೂರು ನಾಲ್ಕು ಸಲ ಹಾಕಿ. ಗೂಡಿನ ಒಳಗೆ, ಕಪಾಟಿನ ಮೂಲೆಗೆ ಸ್ಪ್ರೇ ಸರಿಯಾಗಿ ಹೋಗುವುದಿಲ್ಲ, ಗಾಳಿ ತಿರುಗಿ ಬಂದು ಪುಡಿಪುಡಿಯಾಗಿ ಕೂರುತ್ತದೆ. ಮಳೆಯ ದಿನ ಲ್ಯಾಕರ್ ಸ್ಪ್ರೇ ಮಾಡಿದರೆ ಮೈ ಬಿಳಿಚಿಕೊಳ್ಳುವುದೂ ಉಂಟು. ಇನ್ನೊಂದು ಮಾತು. ಪೂರ್ತಿ ಗಟ್ಟಿಯಾಗದ ಎನಾಮೆಲ್ ಮೇಲೆ ಲ್ಯಾಕರ್ ಸ್ಪ್ರೇ ಬಿದ್ದರೆ ಕೆಳಗಿನ ಬಣ್ಣ ಸುಕ್ಕುಗಟ್ಟುತ್ತದೆ. ಲ್ಯಾಕರ್ ಕೆಳಗೆ, ಎನಾಮೆಲ್ ಮೇಲೆ ಇದ್ದರೆ ತೊಂದರೆ ಇಲ್ಲ.

ಚಾಕ್ ಪೇಂಟ್ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. 1990ರಲ್ಲಿ ಬ್ರಿಟನ್ನಿನ ಬಣ್ಣಗಳ ತಜ್ಞೆ ಆನಿ ಸ್ಲೋನ್ ತಂದ ಈ ಬಣ್ಣ ದೊಡ್ಡ ಫರ್ನಿಚರ್‌ಗೆ ಸೊಗಸು. ಅದರ ಹೊಳಪಿಲ್ಲದ ಮೈ ನಮ್ಮ ಅಳತೆಗೂ ಚೆನ್ನಾಗಿ ಒಪ್ಪುತ್ತದೆ. ಆದರೆ ಡಬ್ಬಿಯಿಂದ ತೆಗೆದ ಹಾಗೇ ಹಚ್ಚಿದರೆ ತುಂಬಾ ದಪ್ಪ. ನೀರು ಬೆರೆಸಿ ಹಾಲಿನಷ್ಟು ತೆಳು ಮಾಡಿಕೊಳ್ಳುವ ತಾಳ್ಮೆ ಇದ್ದರೆ ಮಾತ್ರ ಇಟ್ಟುಕೊಳ್ಳಿ.

ಮರದ ಎಳೆ ಕಾಣಬೇಕು ಅಂದರೆ

ಬಣ್ಣ ಬೇಡ, ಮರವೇ ಕಾಣಲಿ ಅನ್ನುವವರು ಮೊದಲು ಮರದ ಜಾತಿ ನೋಡಬೇಕು. ಓಕ್ ಮರದ ರಂಧ್ರಗಳು ದೊಡ್ಡವು. 1:12 ಮೇಜಿನ ಮೇಲೆ ಅವು ಕಾಲುವೆ ತೋಡಿದಂತೆ ಕಾಣುತ್ತವೆ, ಅಸಲಿ ಓಕ್ ಆಗಿದ್ದರೂ ನಕಲಿ ಅನ್ನಿಸುತ್ತದೆ. ಚೆರ್ರಿ, ಪಿಯರ್, ಮೇಪಲ್, ಬಾಸ್‌ವುಡ್, ಇವುಗಳ ಎಳೆ ಸಣ್ಣದು. ಓಕ್ ಮೇಜು ಬೇಕಿದ್ದರೆ ಬಾಸ್‌ವುಡ್ಡಿಗೆ ಓಕ್ ಬಣ್ಣದ ಸ್ಟೇನ್, ಅಂದರೆ ಎಳೆ ಮುಚ್ಚದೆ ಮರಕ್ಕೆ ಬಣ್ಣ ಏರಿಸುವ ದ್ರವ, ಕೊಡುವುದೇ ಸರಿಯಾದ ದಾರಿ.

ಸ್ಟೇನ್‌ಗಳಲ್ಲಿ ನೀರಿನದು, ಎಣ್ಣೆಯದು, ಜೆಲ್ ಅಂತ ಮೂರು ಬಗೆ. ನೀರಿನದು ಎಳೆ ಎಬ್ಬಿಸುತ್ತದೆ. ಎಣ್ಣೆಯದು ಆಳಕ್ಕೆ ಇಳಿಯುತ್ತದೆ, ಪದರವೇ ಕಟ್ಟುವುದಿಲ್ಲ. ಆದರೆ ಬಾಸ್‌ವುಡ್, ಪೈನ್, ಬರ್ಚ್ ಮರಗಳಲ್ಲಿ ಅಲ್ಲಲ್ಲಿ ಕಪ್ಪು ಮಚ್ಚೆ ಬೀಳುತ್ತದೆ. ಜೆಲ್ ಮೇಲ್ಮೈಯಲ್ಲೇ ನಿಲ್ಲುವುದರಿಂದ ಮಚ್ಚೆ ಕಡಿಮೆ, ಆದರೆ ಮೂಲೆಗಳಲ್ಲಿ ಗಸಿ ಉಳಿಯುತ್ತದೆ. ನನ್ನ ಆಯ್ಕೆ ಎಣ್ಣೆ ಸ್ಟೇನ್. ಅದಕ್ಕೆ ಮೊದಲು ತುಂಬಾ ತೆಳುವಾದ ಶೆಲ್ಯಾಕ್ ಒಂದು ಕೈ ಕೊಟ್ಟು, 400 ನಂಬರಿನಲ್ಲಿ ಸವರಿದರೆ ಮಚ್ಚೆಯ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ. ಮರದ ಕತ್ತರಿಸಿದ ತುದಿ ಸ್ಟೇನನ್ನು ಜಾಸ್ತಿ ಕುಡಿದು ಕಪ್ಪಾಗುತ್ತದೆ, ಅಲ್ಲಿಗೆ ಶೆಲ್ಯಾಕ್ ಎರಡು ಕೈ.

ಬಿಡಿ ಭಾಗಗಳಾಗಿ ಬರುವ ಕಿಟ್ ಜೋಡಿಸುವವರಿಗೆ ಇದು ಮುಖ್ಯ: ಮೊದಲು ಸ್ಟೇನ್, ಆಮೇಲೆ ಅಂಟು. ಮರದಂಟು ತಾಗಿದ ಕಡೆ ಸ್ಟೇನ್ ಹಿಡಿಯುವುದೇ ಇಲ್ಲ. ಕೂಡಿನಿಂದ ಇಷ್ಟೇ ಇಷ್ಟು ಅಂಟು ಹೊರಬಂದು, ನೀವು ಅದನ್ನು ಬೆರಳಲ್ಲಿ ಒರೆಸಿದರೆ, ಒರೆಸಿದ ಗುರುತೇ ಬಿಳಿ ಪಟ್ಟೆಯಾಗಿ ನಿಲ್ಲುತ್ತದೆ. ಜೋಡಿಸಿಯೇ ಬಂದ ಸಾಮಾನಿನ ಪಾಲಿಶ್ ಕಿತ್ತು ಸ್ಟೇನ್ ಮಾಡಲು ಹೊರಟವರಿಗೂ ಇದೇ ಸಮಸ್ಯೆ. ಅಂಥ ಕಡೆ ಸ್ಟೇನ್ ಬಿಟ್ಟು, ಎಳೆಯನ್ನು ಬಣ್ಣದಲ್ಲೇ ಬರೆಯುವುದು ಒಳ್ಳೆಯದು. ತಿಳಿ ಕಾವಿ ಬಣ್ಣ ಅಡಿಗೆ ಹಚ್ಚಿ, ಒಣಗಿದ ಮೇಲೆ ಕಡು ಕಂದು ಬಣ್ಣವನ್ನು ತೆಳು ಮಾಡಿ, ಮೊಂಡಾದ ಹಳೆ ಬ್ರಷ್‌ನಲ್ಲಿ ಒಂದೇ ದಿಕ್ಕಿಗೆ ಎಳೆಯಿರಿ. ಎಳೆ ಎಷ್ಟು ಸಣ್ಣದಿರಬೇಕು ಅನ್ನುವುದು ಆಗ ನಿಮ್ಮ ಕೈಯಲ್ಲೇ ಇರುತ್ತದೆ. ಪ್ಲಾಸ್ಟಿಕ್ ಸಾಮಾನನ್ನೂ ಹೀಗೆ ಮರ ಮಾಡಬಹುದು.

ಕೊನೆಯ ಪಾಲಿಶ್

ದೊಡ್ಡ ಫರ್ನಿಚರ್ ಸಲಹೆ ಎಲ್ಲಕ್ಕಿಂತ ಜಾಸ್ತಿ ದಾರಿ ತಪ್ಪಿಸುವುದು ಇಲ್ಲಿ. ಶೆಲ್ಯಾಕ್ ಬೇಡ, ಬಿಸಿ ಲೋಟ ಇಟ್ಟರೆ ಬಿಳಿ ಕಲೆ ಬೀಳುತ್ತದೆ, ಮದ್ಯ ಚೆಲ್ಲಿದರೆ ಕರಗುತ್ತದೆ, ಪಾಲಿಯುರಿಥೇನ್ ಹಾಕಿ ಅನ್ನುತ್ತಾರೆ. ಗೊಂಬೆಮನೆಯ ಮೇಜಿನ ಮೇಲೆ ಬಿಸಿ ಲೋಟ ಇಡುವವರು ಯಾರು? ಪಾಲಿಯುರಿಥೇನ್ ಕೊಡುವ ಗಟ್ಟಿತನ ನಮಗೆ ಬೇಡ, ಅದು ಕಟ್ಟುವ ದಪ್ಪ ಪದರವಂತೂ ಬೇಡವೇ ಬೇಡ.

ಶೆಲ್ಯಾಕ್ ನಮ್ಮ ಕೆಲಸಕ್ಕೆ ಚಿನ್ನದಂಥ ಪಾಲಿಶ್. 100 ಮಿಲಿಲೀಟರ್ ಸ್ಪಿರಿಟ್‌ಗೆ ಸುಮಾರು 12 ಗ್ರಾಂ ಶೆಲ್ಯಾಕ್ ಚಕ್ಕೆ ಹಾಕಿ ಕರಗಿಸಿದರೆ ಬೇಕಾದಷ್ಟು ತೆಳು ದ್ರಾವಣ ಸಿಗುತ್ತದೆ. ನಿಮಿಷಗಳಲ್ಲಿ ಒಣಗುತ್ತದೆ. ಹೊಸ ಕೋಟು ಹಳೆಯ ಕೋಟಿನೊಳಗೆ ಕರಗಿ ಒಂದಾಗುವುದರಿಂದ ಪದರಗಳು ಒಂದರ ಮೇಲೊಂದು ಪೇರುವುದಿಲ್ಲ. ಇಷ್ಟವಾಗದಿದ್ದರೆ ಸ್ಪಿರಿಟ್‌ನಲ್ಲಿ ಅಳಿಸಿ ಮತ್ತೆ ಶುರು ಮಾಡಬಹುದು. ಕಲಸಿಟ್ಟ ಶೆಲ್ಯಾಕ್ ತಿಂಗಳುಗಟ್ಟಲೆ ಹಳೆಯದಾದರೆ ಒಣಗದೇ ಅಂಟಂಟಾಗಿ ಉಳಿಯುತ್ತದೆ. ಗಾಜಿನ ತುಂಡಿನ ಮೇಲೆ ಒಂದು ಹನಿ ಹಾಕಿ ಪರೀಕ್ಷಿಸಿ, ಆಮೇಲೆ ಬಳಸಿ.

ಅಕ್ರಿಲಿಕ್ ಬಣ್ಣದ ಮೇಲೆ ನೀರು ಆಧಾರದ ವಾರ್ನಿಷ್ ಸಾಕು. ಸ್ಪಿರಿಟ್ ಇರುವ ಶೆಲ್ಯಾಕ್ ಬ್ರಷ್‌ನಲ್ಲಿ ಉಜ್ಜಿದರೆ ಅಕ್ರಿಲಿಕ್ ಬಣ್ಣ ಎದ್ದು ಬರಬಹುದು. ವಾರ್ನಿಷ್‌ನಲ್ಲಿ ಹೊಳಪಿನದು, ಅರೆಹೊಳಪಿನದು, ಮಂಕಿನದು ಇವೆ. ಹೊಳಪಿನದು ಬೇಡ. ಅಷ್ಟು ಚಿಕ್ಕ ಮೇಜಿನ ಮೇಲೆ ಕೋಣೆಯ ದೀಪ ಇಡಿಯಾಗಿ ಪ್ರತಿಫಲಿಸಿದರೆ ಅದರ ನಿಜವಾದ ಗಾತ್ರ ಬಯಲಾಗುತ್ತದೆ. ಮರಕ್ಕೆ ಅರೆಹೊಳಪು, ಅಡುಗೆಮನೆಯ ಹಳೆ ಬಣ್ಣದ ಕಪಾಟಿಗೆ ಮಂಕು.

ಮೇಣದ ಪಾಲಿಶ್ ನೋಡಲು ತುಂಬಾ ಚೆಂದ, ತೆಳುವೂ ಹೌದು. ಆದರೆ ಅದರ ಮೇಲೆ ಅಂಟು, ಬಣ್ಣ ಏನೂ ನಿಲ್ಲುವುದಿಲ್ಲ. ಹಿಡಿ, ಕನ್ನಡಿ, ಕುಶನ್ ಎಲ್ಲ ಕೂತ ಮೇಲಷ್ಟೇ ಮೇಣ. ಅಗಸೆ ಎಣ್ಣೆ ಬಳಸುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿಯಾಗಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ಬ್ರಷ್, ಛಾಯೆ, ಮಕ್ಕಳು

ಬ್ರಷ್ ವಿಷಯ ಚಿಕ್ಕದು. ಸಾಮಾನು ಪುಟ್ಟದು ಅಂತ ಅತಿ ಸಣ್ಣ ಬ್ರಷ್ ಹಿಡಿಯಬೇಡಿ. 10/0 ನಂಬರಿನ ಬ್ರಷ್‌ನಲ್ಲಿ ಬಣ್ಣವೇ ನಿಲ್ಲುವುದಿಲ್ಲ, ತುದಿಯಲ್ಲೇ ಒಣಗುತ್ತದೆ. ಚಪ್ಪಟೆ ಮೈಗಳಿಗೆ ಕಾಲು ಇಂಚಿನ ಮೆತ್ತನೆ ಸಿಂಥೆಟಿಕ್ ಚಪ್ಪಟೆ ಬ್ರಷ್, ಕಾಲು ಕಡ್ಡಿಗಳಿಗೆ 0 ಅಥವಾ 1 ನಂಬರಿನ ದುಂಡನೆಯದು. ಇಷ್ಟರಲ್ಲೇ ಹೆಚ್ಚಿನ ಕೆಲಸ ಆಗುತ್ತದೆ.

ಛಾಯೆ ಆರಿಸುವಾಗ ಅಪ್ಪಟ ಕಪ್ಪು, ಅಪ್ಪಟ ಬಿಳಿ, ಗಾಢ ಕೆಂಪು ಬಿಡಿ. ಚಿಕ್ಕ ವಸ್ತುವಿನ ಮೇಲೆ ಗಾಢ ಬಣ್ಣ ಇನ್ನೂ ಗಾಢವಾಗಿ ಕಾಣುತ್ತದೆ. ಕಪ್ಪಿನ ಬದಲು ಕಡು ಬೂದು, ಬಿಳಿಯ ಬದಲು ಸ್ವಲ್ಪ ಕೆನೆಬಣ್ಣ. ಐಸ್‌ಕ್ರೀಮ್ ಕಡ್ಡಿಯ ಮೇಲೆ ಹಚ್ಚಿ, ಒಣಗಿಸಿ, ಗೊಂಬೆಮನೆಯ ಅದೇ ಕೋಣೆಯೊಳಗೆ, ಅದೇ ಬೆಳಕಲ್ಲಿ ಇಟ್ಟು ನೋಡಿ.

ಮಕ್ಕಳು ಆಡುವ ಮನೆಯಾದರೆ ಈವರೆಗೆ ಹೇಳಿದ ಆದ್ಯತೆ ಬದಲಾಗುತ್ತದೆ. ಆಗ ಬಾಳಿಕೆ, ಸುರಕ್ಷತೆ ಮುಂದೆ ಬರುತ್ತವೆ. ಯುರೋಪಿನ ಆಟಿಕೆ ಮಾನದಂಡ ಇಎನ್ 71-3ಕ್ಕೆ ಒಪ್ಪುವುದು ಅಂತ ಡಬ್ಬಿಯ ಮೇಲೆ ಬರೆದಿರುವ ನೀರು ಆಧಾರದ ಬಣ್ಣ ಮತ್ತು ವಾರ್ನಿಷ್ ಹುಡುಕಿ. ಎರಡು ಕೋಟು ವಾರ್ನಿಷ್ ಜಾಸ್ತಿ ಕೊಟ್ಟು ಸ್ವಲ್ಪ ದಪ್ಪ ಒಪ್ಪಿಕೊಳ್ಳಿ. ಮೂರು ವರ್ಷದೊಳಗಿನ ಮಕ್ಕಳಿದ್ದರೆ 1:12 ಸಾಮಾನು ಅವರ ಕೈಗೆ ಸಿಗಲೇಬಾರದು. ಕಿತ್ತು ಬಂದ ಒಂದು ಹಿಡಿ ಗಂಟಲಲ್ಲಿ ಸಿಕ್ಕಿಕೊಂಡರೆ ಸಾಕು.

ಈಗಷ್ಟೇ ಶುರು ಮಾಡುವವರು ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಕಾಗಿಲ್ಲ. ಮಾಡೆಲ್ ಅಕ್ರಿಲಿಕ್ ಎರಡು ಮೂರು ಬಣ್ಣ, ಒಂದು ಸಣ್ಣ ಬಾಟಲಿ ಶೆಲ್ಯಾಕ್, ನೀರಿನ ಅರೆಹೊಳಪು ವಾರ್ನಿಷ್, 400 ನಂಬರಿನ ಸ್ಯಾಂಡ್‌ಪೇಪರ್, ಮೇಲೆ ಹೇಳಿದ ಎರಡು ಬ್ರಷ್. ಮೊದಲ ಸಾಮಾನಾಗಿ ಡ್ರಾಯರ್ ಇಲ್ಲದ, ಕಡ್ಡಿಗಳಿಲ್ಲದ ಒಂದು ಸಾದಾ ಮೇಜು ಆರಿಸಿಕೊಳ್ಳಿ. ಅದಾದ ಮೇಲೆ ಕುರ್ಚಿ. ಡ್ರಾಯರಿನ ಬೀರು ಮೂರನೆಯದಾಗಿರಲಿ.